ವಠಾರದ ಒರಳುಕಲ್ಲು

ಮೊನ್ನೆ ರಾತ್ರಿ ಊಟ ಮುಗಿಸಿ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮಗಳು ಬಂದು ಎದುರಿಗೆ ನಿಂತಳು. ಮುಖ ಬಾಡಿತ್ತು. ಇಂಜಿನಿಯರಿಂಗ್ ಓದಿನ ಕಡೆಯ ವರ್ಷ. ಮರುದಿನ ಹತ್ತು ಘಂಟೆಗೆ, ತಾನು ಆರು ತಿಂಗಳು ಕುಳಿತು ಬರೆದ ತಂತ್ರಾಂಶವನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ನಡೆಸಿ ಪರೀಕ್ಷಕರಿಗೆ ತೋರಿಸಬೇಕಾಗಿತ್ತು.

“ಅಪ್ಪ, ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತೆ. ಗೆಳತಿಗೆ ಕಳಿಸಿದರೆ ಅವಳದರಲ್ಲಿ, ‘ಟಿಎಸ್‌ಸಿ ಅನ್ನುವ ಆಜ್ಞೆಯೇ ಗೊತ್ತಿಲ್ಲ’ ಅನ್ನುತ್ತೆ. ನಾನು ಒಂದಕ್ಷರವನ್ನೂ ಬದಲಾಯಿಸಿಲ್ಲ!”

ನಾನು ಬಾಯಿ ತೆರೆಯುವ ಮುನ್ನವೇ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು ನಕ್ಕರು.

“ವಠಾರ ಬಿಟ್ಟು ಬಂದಾಗ ನನಗೂ ಹೀಗೇ ಆಯಿತು ಕಣೇ. ಏಳು ವರ್ಷ ಅಲ್ಲಿದ್ದೆವು. ಹಿತ್ತಲಲ್ಲಿ ಎಲ್ಲ ಸಂಸಾರಕ್ಕೂ ಸೇರಿ ಒಂದೇ ಒರಳು. ದಿನಾ ರುಬ್ಬಿ ರುಬ್ಬಿ ಅದು ನಮ್ಮದೇ ಅನ್ನಿಸಿಬಿಟ್ಟಿತ್ತು. ಮನೆ ಬದಲಾಯಿಸುವಾಗ ನಿಮ್ಮ ತಾತ ಸಾಮಾನಿನ ಪಟ್ಟಿ ಬರೆದರು. ಒಂದು ಸೌಟೂ ತಪ್ಪಲಿಲ್ಲ. ಹೊಸ ಮನೆಯಲ್ಲಿ ದೋಸೆಗೆ ನೆನೆಹಾಕಿ ಹಿತ್ತಲಿಗೆ ಹೋಗುತ್ತೇನೆ, ಒರಳೇ ಇಲ್ಲ!”

ವಾಚಕರೆ, ಮೂವತ್ತು ವರ್ಷ ಗಣಕಗಳ ಸಹವಾಸ ಮಾಡಿದ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆನು. ಮನೆಯಲ್ಲಿ ಇಂಥ ವಿದ್ಯೆ ಕಲಿಯುತ್ತಿರುವ ಮಕ್ಕಳುಳ್ಳವರಿಗೆ ಉಪಯೋಗವಾದೀತೆಂದು ಸಂಗತಿಯನ್ನು ವಿವರಿಸುತ್ತೇನೆ.

ಈಗಿನ ಕಾಲದಲ್ಲಿ ಯಾರೂ ತಂತ್ರಾಂಶವನ್ನು ಮೊದಲಿನಿಂದ ಕಡೆಯವರೆಗೆ ತಾವೇ ಬರೆಯುವುದಿಲ್ಲ. ಇತರರು ಬರೆದಿಟ್ಟ ಸಿದ್ಧಭಾಗಗಳನ್ನು, ಅಂದರೆ ಪ್ಯಾಕೇಜುಗಳನ್ನು, ತರಿಸಿಕೊಳ್ಳುತ್ತಾರೆ. ರಯಾನ್ ಡಾಲ್ 2009ರಲ್ಲಿ ಹೊರತಂದ ನೋಡ್ ಜೆಎಸ್ ಎಂಬ ವ್ಯವಸ್ಥೆಗೆ ಹೀಗೆ ಪ್ಯಾಕೇಜು ತಂದುಕೊಡುವ ಕೆಲಸಗಾರನೇ ಎನ್‌ಪಿಎಂ. ಇದು 2010ರಲ್ಲಿ ಬಂದಿತು. ತಂದ ವಸ್ತುವನ್ನು ಇದು ಎರಡು ಕಡೆಗಳಲ್ಲಿ ಇರಿಸಬಲ್ಲುದು. ಸುಮ್ಮನೆ ‘ಇನ್‌ಸ್ಟಾಲ್’ ಎಂದರೆ, ನಾವು ಕೆಲಸ ಮಾಡುತ್ತಿರುವ ಫೋಲ್ಡರಿನೊಳಗೇ ‘ನೋಡ್ ಮಾಡ್ಯೂಲ್ಸ್’ ಎಂಬ ಉಗ್ರಾಣದಲ್ಲಿಡುತ್ತದೆ. ಜೊತೆಗೆ ‘ಪ್ಯಾಕೇಜ್ ಡಾಟ್ ಜೇಸನ್’ ಎಂಬ ಪಟ್ಟಿಯಲ್ಲಿ ಹೆಸರನ್ನೂ ಬರೆಯುತ್ತದೆ. ಇದು ಮನೆಯ ಒರಳು. ಆಜ್ಞೆಗೆ ‘-ಜಿ’ ಎಂದು ಸೇರಿಸಿದರೆ, ಎಲ್ಲ ಕೆಲಸಗಳಿಗೂ ಸಾಮಾನ್ಯವಾದ ಸ್ಥಳದಲ್ಲಿಡುತ್ತದೆ. ಯಾವ ಪಟ್ಟಿಯಲ್ಲಿಯೂ ಬರೆಯುವುದಿಲ್ಲ. ಇದು ವಠಾರದ ಒರಳು.

ಮಗಳು ಬಳಸಿದ್ದು ಟೈಪ್‌ಸ್ಕ್ರಿಪ್ಟ್ ಎಂಬ ಪ್ಯಾಕೇಜು; ಟಿಎಸ್‌ಸಿ ಅದರ ಆಜ್ಞೆ. ಎಲ್ಲಿಂದ ಬರುತ್ತಿದೆಯೆಂದು ನೋಡೋಣವೆಂದು ಕುಳಿತೆವು. ಅವಳ ಫೋಲ್ಡರಿನಲ್ಲಿ ನಿಂತು ‘ಎನ್‌ಪಿಎಂ ಲಿಸ್ಟ್ ಟೈಪ್‌ಸ್ಕ್ರಿಪ್ಟ್’ ಎಂದು ಬೆರಳಚ್ಚಿಸಿದಾಗ ‘ಖಾಲಿ’ ಎಂಬ ಉತ್ತರ ಬಂದಿತು. ಅದನ್ನೇ ‘-ಜಿ’ ಸೇರಿಸಿ ಕೇಳಿದಾಗ ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ ಎರಡೂ ಕಂಡವು. ಪ್ಯಾಕೇಜಿನ ಹೆಸರನ್ನು ಬಿಟ್ಟು ಬರಿಯ ‘ಎನ್‌ಪಿಎಂ ಲಿಸ್ಟ್’ ಎಂದರೆ ಆ ಫೋಲ್ಡರಿಗೆ ನೇರವಾಗಿ ತಂದ ಪ್ಯಾಕೇಜುಗಳೂ, ‘-ಜಿ’ ಸೇರಿಸಿದರೆ ಸಾಮಾನ್ಯ ಸ್ಥಳಕ್ಕೆ ನೇರವಾಗಿ ತಂದವೂ ಕಾಣುವುವು. ಉಗ್ರಾಣದ ವಿಳಾಸವೇ ಬೇಕೆಂದರೆ ‘ಎನ್‌ಪಿಎಂ ರೂಟ್’ ಎನ್ನಬೇಕು. ಇದಕ್ಕೂ ‘-ಜಿ’ ಸಲ್ಲುತ್ತದೆ. ಇನ್ನು, ಬೆರಳಚ್ಚಿಸಿದೊಡನೆ ಓಗೊಡುವ ಆಜ್ಞೆ ಎಲ್ಲಿ ಕುಳಿತಿದೆಯೆಂದು ತಿಳಿಯಲು ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್’ ಎಂಬ ಪದವೂ, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ‘ವಿಚ್’ ಎಂಬ ಪದವೂ ಉಂಟು.

“ಆರು ತಿಂಗಳಿಂದ ವಠಾರದ್ದರಲ್ಲೇ ರುಬ್ಬಿದ್ದೀಯಮ್ಮ,” ಎಂದೆ.

“ಹಾಗಾದರೆ ಮಿಕ್ಕ ಪ್ಯಾಕೇಜುಗಳಲ್ಲಿ ಯಾಕೆ ಹೀಗಾಗಲಿಲ್ಲ?” ಎಂದು ಕೇಳಿದಳು. ಪ್ರಶ್ನೆ ಜಾಣತನದ್ದೇ. ತಂತ್ರಾಂಶವು ತನ್ನೊಳಗೆ ಕರೆಸಿಕೊಳ್ಳುವ ಪ್ಯಾಕೇಜುಗಳನ್ನು ನೋಡ್ ವ್ಯವಸ್ಥೆಯು ತನ್ನ ಫೋಲ್ಡರಿನ ಉಗ್ರಾಣದಲ್ಲಿಯೂ, ಅದಕ್ಕೆ ಮೇಲಿನ ಫೋಲ್ಡರುಗಳಲ್ಲಿಯೂ ಹುಡುಕುತ್ತದೆಯೇ ಹೊರತು, ‘-ಜಿ’ ಹಾಕಿ ತಂದದ್ದನ್ನು ಸಾಧಾರಣವಾಗಿ ನೋಡುವುದಿಲ್ಲ. ಆದುದರಿಂದ ಅಂಥವು ತಪ್ಪಿದ್ದರೆ ನಮ್ಮ ಯಂತ್ರದಲ್ಲಿಯೇ ದೋಷ ಬಯಲಾಗುತ್ತದೆ. ಆಜ್ಞೆಯಂತೆ ಬಳಸುವ ಸಾಧನಗಳ ವಿಷಯ ಹಾಗಲ್ಲ. ಮನೆಯಲ್ಲಿ ಇಲ್ಲದಿದ್ದರೆ ವಠಾರದ್ದು ಸದ್ದಿಲ್ಲದೆ ಕೆಲಸ ಮಾಡಿಕೊಡುತ್ತದೆ. ಕೊರತೆ ತಿಳಿಯುವುದು ಪರಸ್ಥಳದಲ್ಲಿ.

ಪರಿಹಾರ ಕಷ್ಟವಾಗಲಿಲ್ಲ. ಮೊದಲು ಆವೃತ್ತಿಯ ಸಂಖ್ಯೆಯನ್ನು ಕಾಗದದಲ್ಲಿ ಗುರುತುಹಾಕಿಸಿದೆ. ಸಂಖ್ಯೆ ಹೇಳದೆ ತರಿಸಿದರೆ ತೀರ ಹೊಸದು ಬಂದು, ಕಡೆಯ ರಾತ್ರಿ ಹೊಸ ತಕರಾರು ಹುಟ್ಟಬಹುದಲ್ಲವೆ? ಆ ಸಂಖ್ಯೆಯನ್ನೇ ಹೇಳಿ, ‘ಸೇವ್ ಡೆವ್’ ಎಂಬ ಸೂಚನೆಯೊಡನೆ ಫೋಲ್ಡರಿನೊಳಕ್ಕೆ ತರಿಸಿದೆವು. ಪಟ್ಟಿಯಲ್ಲಿ ಹೆಸರು ಬಿದ್ದಿತು.

“ಇನ್ನೊಂದು ಫೋಲ್ಡರಿಗೆ ನಕಲು ಮಾಡಿ ಓಡಿಸಿ ನೋಡಲೇ?” ಎಂದಳು.

“ಅದೇ ವಠಾರದಲ್ಲಿ ಕೋಣೆ ಬದಲಾಯಿಸಿದರೆ ಒರಳು ಸಿಕ್ಕೇ ಸಿಗುತ್ತದೆ. ಅದು ಪರೀಕ್ಷೆಯಾಗದು.”

ಆದುದರಿಂದ ಮೊದಲು ‘ಅನ್‌ಇನ್‌ಸ್ಟಾಲ್ -ಜಿ’ ಎಂದು ಸಾಮಾನ್ಯ ಸ್ಥಳದ ಪ್ರತಿಯನ್ನು ತೆಗೆಸಿದೆ. ಆಮೇಲೆ ಫೋಲ್ಡರಿನ ಉಗ್ರಾಣವನ್ನೂ ಅಳಿಸಿ, ಪಟ್ಟಿಯೊಂದರ ಆಧಾರದಿಂದ ಎಲ್ಲವನ್ನೂ ಮತ್ತೆ ತರಿಸಿದೆವು. ಓಡಿತು. ಗೆಳತಿಗೆ ಕಳಿಸಿದಳು, ಅಲ್ಲಿಯೂ ಓಡಿತು. ಘಂಟೆ ಹನ್ನೆರಡೂವರೆ.

ಇಷ್ಟರಿಂದ ‘-ಜಿ’ ಎಂಬುದೇ ಕೆಟ್ಟದ್ದೆಂದು ತಿಳಿಯಬಾರದು. ಯಾವ ಕೆಲಸಕ್ಕೂ ಕಟ್ಟುಬೀಳದೆ ನಿತ್ಯವೂ ಕೈಗೆ ಬೇಕಾದ ಸಾಧನಗಳಿಗೆ ಅದು ಸರಿಯಾದ ಜಾಗವೇ. ಆದರೆ ಅಲ್ಲಿ ಒಂದು ಪ್ಯಾಕೇಜಿಗೆ ಒಂದೇ ಆವೃತ್ತಿ. ಹಳೆಯ ಕೆಲಸಕ್ಕೆ ಹಳೆಯದು, ಹೊಸದಕ್ಕೆ ಹೊಸದು ಬೇಕಾದರೆ ಮನೆಮನೆಗೂ ಬೇರೆ ಒರಳೇ ಲೇಸು.

ಮರುದಿನ ಸಂಜೆ ಮಗಳು ನಗುತ್ತ ಬಂದಳು. ಪರೀಕ್ಷಕರು ಎರಡು ಪ್ರಶ್ನೆ ಕೇಳಿ ಮುಂದಿನವರನ್ನು ಕರೆದರಂತೆ.

“ಅಜ್ಜಿ, ಆವತ್ತು ದೋಸೆಗೆ ಏನು ಮಾಡಿದಿರಿ?”

“ಮಾಡೋದೇನು? ಪಕ್ಕದ ಮನೆಯವರನ್ನು ಕೇಳಿಕೊಂಡು ರುಬ್ಬಿ ತಂದೆ. ಮಾರನೆಯ ದಿನವೇ ನಿಮ್ಮ ತಾತ ಹೋಗಿ ಒರಳು ಕೊಂಡುತಂದರು,” ಎಂದರು ನಮ್ಮ ತಾಯಿ. “ಹಿತ್ತಲಲ್ಲಿ ತುಳಸಿಯ ಪಕ್ಕ ಇದೆಯಲ್ಲ, ಅದೇ.”