ಇಕಾರಸ್‌ಗೆ ಹೇಳಿದ ಇನ್ನರ್ಧ ಮಾತು

ಹೇರೋಹಳ್ಳಿಯ ನಮ್ಮ ರೂಮಿನ ಗೋಡೆ ಮೇಲೆ ಈಗ ಒಂಬತ್ತು ಕಾರ್ಡುಗಳಿವೆ. ರೂಮ್‌ಮೇಟ್ ಒಬ್ಬ ಹಳೇ ಲ್ಯಾಬ್ ರೆಕಾರ್ಡಿನ ರಟ್ಟು ಕತ್ತರಿಸಿ, ಗ್ರೀಕ್ ಪುರಾಣದ ಪಾತ್ರಗಳನ್ನು ಹಾಕಿ, ತನ್ನದೇ ಟ್ಯಾರೋ ಬರೀತಿದಾನೆ. ನೋಡಿದವರೆಲ್ಲ ಕೇಳೋದು ಒಂದೇ: "ಗುರು, ನಂಗೆ ಪ್ಲೇಸ್‌ಮೆಂಟ್ ಆಗುತ್ತಾ ನೋಡು." ಪ್ರಶ್ನೆಯೇ ತಪ್ಪು ಅನ್ನೋದು ನಮ್ಮ ವಾದ.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳೋಕಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಅದು ಇಸ್ಪೀಟಿನಂಥ ಒಂದು ಆಟ. ಶಕುನ ನೋಡೋ ರೂಢಿ ಬೆಳೆದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇವತ್ತು ಎಲ್ಲೆಡೆ ಕಾಣೋ 78 ಎಲೆಗಳ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಅದು ಬಂದದ್ದು 1909ರಲ್ಲಿ. 1986ರ 'ಮಿಥಿಕ್ ಟ್ಯಾರೋ' ಅದೇ ಎಲೆಗಳಿಗೆ ಗ್ರೀಕ್ ಕಥೆ ತೊಡಿಸಿತು. ತಲೆಕೆಳಗಾಗಿ ನೇತಾಡೋ ಮನುಷ್ಯನ ಜಾಗಕ್ಕೆ ಬೆಂಕಿ ಕದ್ದ ಪ್ರಮೀಥಿಯಸ್ ಬಂದ.

ಇದೆಲ್ಲ ಫಾರಿನ್ ಶೋಕಿ ಅನ್ನೋರಿಗೆ ಮೈಸೂರಿನ ಗಂಜೀಫಾ ನೆನಪಿಸಬೇಕು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ನಿಲ್ಲದೆ ತಾವೇ ಹೊಸ ಹೊಸ ಆಟಗಳನ್ನು ರೂಪಿಸಿ 'ಶ್ರೀತತ್ತ್ವನಿಧಿ'ಯಲ್ಲಿ ದಾಖಲಿಸಿದರು. ಪುರಾಣವನ್ನು ಕೈಗೆತ್ತಿಕೊಂಡು ತನಗೆ ಬೇಕಾದಂತೆ ಹೊಸದಾಗಿ ಜೋಡಿಸೋದು ನಮಗೂ ಹೊಸದಲ್ಲ.

ಈಗ ನಮ್ಮ ಗೋಡೆಯ ಐದನೇ ಕಾರ್ಡಿಗೆ ಬರೋಣ: ಇಕಾರಸ್. ಎಲ್ಲರಿಗೂ ಗೊತ್ತಿರೋ ನೀತಿ, ಜಾಸ್ತಿ ಎತ್ತರ ಹಾರಬೇಡ, ಮೇಣ ಕರಗುತ್ತೆ. ನಮ್ಮ ಮನೆಗಳಲ್ಲಿ ಇದನ್ನೇ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತಾರೆ. ಆದ್ರೆ ಓವಿಡ್ ಹೇಳೋ ಕಥೆಯಲ್ಲಿ ಅಪ್ಪ ಡೇಡಲಸ್ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ತೀರಾ ಕೆಳಗೂ ಹಾರಬೇಡ, ಸಮುದ್ರದ ನೀರಿಗೆ ರೆಕ್ಕೆ ನೆನೆದು ಭಾರವಾಗುತ್ತೆ. ಡೇಡಲಸ್ ಅಂದ್ರೆ ಎಂಜಿನಿಯರ್ ತಾನೇ? ಎರಡೂ ಕಡೆಯ ಲಿಮಿಟ್ ಹೇಳಿದ್ದ. ನಾವು ಒಂದನ್ನಷ್ಟೇ ಉರು ಹೊಡೆದ್ವಿ.

ಎರಡು ಬ್ಯಾಕ್‌ಲಾಗ್ ಇವೆ ಅಂತ ನಮ್ಮ ಗೆಳೆಯ ಗೇಟ್ ಪರೀಕ್ಷೆಯ ಆಸೆಯನ್ನೇ ಬಿಟ್ಟಿದ್ದ. ಅವನ ಇಕಾರಸ್ ಸೂರ್ಯನ ಹತ್ತಿರ ಇಲ್ಲ. ಹೇರೋಹಳ್ಳಿ ಕೆರೆ ನೀರಿಗೆ ತಾಗೋಷ್ಟು ಕೆಳಗೆ, ಒದ್ದೆ ರೆಕ್ಕೆ ಹೊತ್ತು ಹಾರ್ತಿದಾನೆ. ಎರಡು ರಾತ್ರಿ ಆ ಚಿತ್ರದ ಮುಂದೆ ಕೂತವನು ಮೂರನೇ ದಿನ ಅರ್ಜಿ ತುಂಬಿದ.

ಪಾಸಾಗ್ತಾನಾ? ರಟ್ಟಿಗೆ ಅದು ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದ್ರೆ ಯಾವ ಪಾತ್ರ ಆರಿಸ್ತೀವಿ, ಅದನ್ನ ಎಲ್ಲಿ ನಿಲ್ಲಿಸ್ತೀವಿ ಅನ್ನೋದ್ರಲ್ಲಿ ನಮ್ಮ ಭಯ ಹೊರಗೆ ಬರುತ್ತೆ. ಕಣ್ಣಿಗೆ ಕಂಡ ಭಯದ ಜೊತೆ ಜಗಳ ಆಡಬಹುದು.

ಹಾಗಾಗಿ ಕಾರ್ಡ್ ಓದಿಸೋಕೆ ನಮ್ಮ ರೂಮಿಗೆ ಬರಬೇಡಿ. ಬರೆಯೋಕೆ ಬನ್ನಿ. ರಟ್ಟು ಇನ್ನೂ ಇದೆ.