ಕಲ್ಲುಸೇತುವೆಯ ಪಾಠ

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಲಾಗಿ, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ಸದಸ್ಯ ಬಾಂಧವರಲ್ಲಿ ಅನೇಕರು ನೋಡಿರಬಹುದು. ಅದಕ್ಕೆ ಕಮಾನುಗಳಿಲ್ಲ. ದೇವಸ್ಥಾನದ ಮಂಟಪದಂತೆ ಕಲ್ಲುಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲುತೊಲೆ. ಬೋದಿಗೆ ಎರಡೂ ಕಡೆ ಚಾಚಿಕೊಂಡು ತೊಲೆಯ ಭಾರ ಹೊರುತ್ತದೆ. ಕಂಬಗಳ ನಡುವೆ ನೀರು ಹಾಯುತ್ತದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗುವ ಹೊತ್ತಿಗೆ ಅದು ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿತ್ತು.

ಸಂದಿನಲ್ಲಿ ಬೇರಿಳಿಸುವ ಅರಳಿ ಗಿಡ, ಕಂಬಕ್ಕೆ ಸಿಕ್ಕುವ ದಿಮ್ಮಿ, ಇವೇ ಕಲ್ಲುಕಟ್ಟಡದ ಶತ್ರುಗಳು. ನಮ್ಮ ತೋಟದ ದಾರಿಯ ಕಲ್ಲುಸಂಕಗಳಿಗೂ ಅಷ್ಟೇ. ಸಂಕ ಕುಸಿದರೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವವರು ತೋಟ ಸೇರುವಂತಿಲ್ಲ. ಹಳೆಯದೆಂದು ಕೆಡವಿ, ಕಸ ಕಟ್ಟಿಕೊಳ್ಳುವ ಕಿರಿದಾದ ಸಿಮೆಂಟ್ ಕೊಳವೆ ಹೂಳುವುದಕ್ಕಿಂತ, ಇರುವ ಸಂಕದ ಗಿಡ ಕಿತ್ತು ಹೂಳು ತೆಗೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೇ ತಿಂಗಳೊಳಗೆ ನೆರೆಹೊರೆಯವರು ಕೂಡಿ ಈ ಕೆಲಸ ಮುಗಿಸೋಣ.