ತೀರ್ಪು, ನಿರ್ಣಯ, ನಿರ್ಧಾರ: ಇವು ಪರ್ಯಾಯ ಪದಗಳೇ?

ಇಂಗ್ಲಿಷಿನ ‘ಡಿಸಿಷನ್’ ಎಂಬ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ತೀರ್ಪು, ತೀರ್ಮಾನ, ನಿರ್ಣಯ, ನಿರ್ಧಾರ ಎಂಬ ಪದಗಳು ಬಳಕೆಯಲ್ಲಿವೆ. ಇವನ್ನು ಸಮಾನಾರ್ಥಕಗಳೆಂದು ಭಾವಿಸಿ, ನಡುವೆ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಕೂರಿಸುವುದು ನಮ್ಮ ಪರಿಭಾಷಾ ರಚನೆಯಲ್ಲಿ ರೂಢಿಯಾಗಿದೆ. ಅನುವಾದಕನು ಅವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಆದರೆ ಕಾನೂನು, ಮನೋವಿಜ್ಞಾನ, ಕ್ರೀಡೆ ಈ ಮೂರು ಕ್ಷೇತ್ರಗಳಲ್ಲಿ ಕೊನೆಯ ಮಾತಿಗೂ ಆ ಮಾತಿನ ಹಿಂದಿರುವ ಕಾರಣಕ್ಕೂ ಇರುವ ಸಂಬಂಧ ಒಂದೇ ಬಗೆಯದಲ್ಲ. ಈ ಭೇದವನ್ನು ಹಿಡಿದಿಡಲು ಬೇಕಾದ ಪದಗಳು ಕನ್ನಡದಲ್ಲಿ ಇದ್ದೂ ಅವನ್ನು ಕಲಸಿಬಿಡುವುದು ಸರಿಯಾದ ಕ್ರಮವಲ್ಲ.

ಪದಗಳ ಮೂಲವನ್ನೇ ಮೊದಲು ಗಮನಿಸಬಹುದು. ತೀರ್ಪು, ತೀರ್ಮಾನಗಳ ಹಿಂದಿರುವುದು ‘ತೀರ್’ ಎಂಬ ದ್ರಾವಿಡ ಧಾತು. ಮುಗಿಯುವುದು ಎಂದು ಅದರ ಅರ್ಥ. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಹಿರಿಯರು ತೀರಿಕೊಳ್ಳುತ್ತಾರೆ. ನಿರ್ಣಯವಾದರೋ ‘ನೀ’ ಧಾತುವಿನದು, ಅಂದರೆ ಒಯ್ಯುವುದು. ಗೌತಮನ ನ್ಯಾಯದರ್ಶನವು ಹೇಳುವ ಹದಿನಾರು ಪದಾರ್ಥಗಳಲ್ಲಿ ನಿರ್ಣಯವೂ ಒಂದು. ಆ ಪಟ್ಟಿಯಲ್ಲಿ ಅದು ತರ್ಕದ ನಂತರ ಬರುತ್ತದೆ. ಸಂಶಯದಿಂದ ಹೊರಟು ಪಕ್ಷ ಪ್ರತಿಪಕ್ಷಗಳನ್ನು ಹಾದು ತಲುಪುವ ನೆಲೆ ಅದು. ನಿರ್ಧಾರಕ್ಕೆ ವ್ಯಾಕರಣದ ನಂಟಿದೆ. ಪಾಣಿನಿಯ ವ್ಯಾಕರಣದಲ್ಲಿ ‘ನಿರ್ಧಾರಣ’ವೆಂದರೆ ಒಂದು ಗುಂಪಿನಿಂದ ಒಂದನ್ನು ಬೇರ್ಪಡಿಸಿ ಹೇಳುವುದು. ‘ಕವಿಗಳಲ್ಲಿ ಪಂಪ ಹಿರಿಯ’ ಎನ್ನುವಾಗಿನ ಸಪ್ತಮಿಯನ್ನು ಪಾಠ ಮಾಡಿದವರಿಗೆ ಇದು ಪರಿಚಿತ. ಹೀಗೆ ಒಂದು ಮುಗಿಸುತ್ತದೆ, ಒಂದು ಒಯ್ಯುತ್ತದೆ, ಮತ್ತೊಂದು ಆರಿಸುತ್ತದೆ.

ಕಾನೂನಿನಲ್ಲಿ ಈ ಭೇದ ಕೇವಲ ಶಬ್ದಚಮತ್ಕಾರವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಪ್ರಕರಣವು ಡಿಕ್ರಿ, ತೀರ್ಪು, ಆದೇಶ ಈ ಮೂರನ್ನು ಬೇರೆ ಬೇರೆಯಾಗಿ ನಿರೂಪಿಸುತ್ತದೆ. ಪಕ್ಷಗಾರರ ಹಕ್ಕನ್ನು ಇತ್ಯರ್ಥಗೊಳಿಸುವುದು ಡಿಕ್ರಿ. ತೀರ್ಪು ಎಂದರೆ ಆ ಡಿಕ್ರಿಗೆ ಅಥವಾ ಆದೇಶಕ್ಕೆ ಇರುವ ಆಧಾರಗಳನ್ನು ಕುರಿತ ನ್ಯಾಯಾಧೀಶರ ಹೇಳಿಕೆ. ಯಾರು ಗೆದ್ದರು ಎಂಬುದಕ್ಕಿಂತ ಏಕೆ ಗೆದ್ದರು ಎಂಬುದೇ ತೀರ್ಪಿನ ಹುರುಳು. ಅದೇ ಸಂಹಿತೆಯ 20ನೇ ಆದೇಶದ 4ನೇ ನಿಯಮವು (ಇಲ್ಲಿ ‘ಆದೇಶ’ವೆನ್ನುವುದು ಅಧ್ಯಾಯದ ಹೆಸರು, ಗೊಂದಲ ಅಲ್ಲಿಯೂ ತಪ್ಪಿದ್ದಲ್ಲ) ತೀರ್ಪಿನಲ್ಲಿ ಏನೇನು ಇರಬೇಕೆಂದು ವಿಧಿಸುತ್ತದೆ: ಪ್ರಕರಣದ ಸಂಕ್ಷಿಪ್ತ ನಿರೂಪಣೆ, ನಿರ್ಣಯಿಸಬೇಕಾದ ಅಂಶಗಳು, ಅವುಗಳ ಮೇಲಿನ ನಿರ್ಣಯ, ಆ ನಿರ್ಣಯಕ್ಕೆ ಕಾರಣಗಳು. ಕಾರಣಗಳನ್ನು ಬಿಡಬಹುದೆಂಬ ವಿನಾಯಿತಿ ಇರುವುದು ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಮಾತ್ರ. ಇಲ್ಲಿ ನಿರ್ಣಯವು ತೀರ್ಪಿನ ಒಂದು ಭಾಗವೇ ಹೊರತು ಅದರ ಪರ್ಯಾಯವಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ‘ತೀರ್ಪಿನಲ್ಲಿ ತೀರ್ಪೂ ತೀರ್ಪಿನ ಕಾರಣಗಳೂ ಇರತಕ್ಕದ್ದು’ ಎಂಬ ವಾಕ್ಯ ಹುಟ್ಟುತ್ತದೆ. ಸೋತ ಕಕ್ಷಿದಾರನು ಮೇಲ್ಮನವಿಗೆ ಹೋಗುವಾಗ ಪ್ರಶ್ನಿಸುವುದು ಆ ಕಾರಣಗಳನ್ನೇ. ಅವನ ಕೈಗೆ ಬರುವ ಕನ್ನಡದಲ್ಲಿ ಕಾರಣ ಯಾವುದು, ಫಲಿತ ಯಾವುದು ಎಂದು ಗುರುತಿಸಲು ಬಾರದಿದ್ದರೆ ನಷ್ಟ ಭಾಷೆಯದಷ್ಟೇ ಅಲ್ಲ.

ಮನೋವಿಜ್ಞಾನವು ಈ ಕ್ರಮವನ್ನೇ ಸಂದೇಹಿಸುತ್ತದೆ. ಕಾರಣ ಮೊದಲು, ನಿರ್ಧಾರ ಆಮೇಲೆ ಎಂಬ ನಂಬಿಕೆಗೆ ಅಲ್ಲಿ ಖಾತರಿಯಿಲ್ಲ. 2005ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಉಲ್ಲೇಖನೀಯ. ಎರಡು ಮುಖಚಿತ್ರಗಳನ್ನು ತೋರಿಸಿ ಹೆಚ್ಚು ಆಕರ್ಷಕವಾದುದನ್ನು ಆರಿಸಲು ಹೇಳಿ, ಕೈಚಳಕದಿಂದ ಆರಿಸದಿದ್ದ ಚಿತ್ರವನ್ನು ಅವರ ಕೈಗಿತ್ತು, ಇದನ್ನೇ ಏಕೆ ಮೆಚ್ಚಿದಿರಿ ಎಂದು ಕೇಳಲಾಯಿತು. ಬಹುಪಾಲು ಸಂದರ್ಭಗಳಲ್ಲಿ ಅದಲುಬದಲು ಯಾರ ಗಮನಕ್ಕೂ ಬರಲಿಲ್ಲ. ತಾವು ಆರಿಸದೇ ಇದ್ದುದಕ್ಕೂ ಜನ ಕಾರಣಗಳನ್ನು ಕೊಟ್ಟರು. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1981ರಲ್ಲಿ ತೋರಿಸಿದಂತೆ, ಒಂದೇ ಫಲಿತಾಂಶವನ್ನು ‘ಉಳಿಯುವವರು’ ಎಂಬ ಲೆಕ್ಕದಲ್ಲಿ ಹೇಳಿದರೆ ಒಂದು ಆಯ್ಕೆ, ‘ಸಾಯುವವರು’ ಎಂಬ ಲೆಕ್ಕದಲ್ಲಿ ಹೇಳಿದರೆ ಇನ್ನೊಂದು. ಇಂಥಲ್ಲಿ ‘ನಿರ್ಧಾರ’ ಎಂಬ ಪದವೇ ಯುಕ್ತ. ಹಲವರಿಂದ ಒಂದನ್ನು ಬೇರ್ಪಡಿಸುವುದನ್ನು ಅದು ಹೇಳುತ್ತದೆ, ಕಾರಣ ಕೊಡುವ ಹೊರೆಯನ್ನು ಹೊರುವುದಿಲ್ಲ. ಇದೇ ಬರೆಹಗಳಲ್ಲಿ ‘ನಿರ್ಣಯ’ವೆಂದರೆ ಆ ಪದದ ಬೆನ್ನಿಗಿರುವ ತರ್ಕವೂ ಜೊತೆಯಲ್ಲೇ ಬರುತ್ತದೆ. ಅಚ್ಚ ಕನ್ನಡದ ಆಡುಮಾತು ಇನ್ನೂ ಒಂದು ಹೆಜ್ಜೆ ಮುಂದಿದೆ: ‘ಹೋಗಿಯೇ ತೀರುತ್ತೇನೆ’ ಎನ್ನುವವನು ಕಾರಣವನ್ನು ಕೇಳಬೇಡಿ ಎಂದೇ ಹೇಳುತ್ತಿರುತ್ತಾನೆ.

ಕ್ರೀಡೆಯಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ವೇಗದ ಎಸೆತವೊಂದು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡೂ ಬೇಕಾಗದು. ಆಡುವುದೋ ಬಿಡುವುದೋ ಎಂಬುದು ಅವನ ನಿರ್ಧಾರ. ಅಂಪೈರ್ ಕೊಡುವುದು ತೀರ್ಪು. ಕ್ರಿಕೆಟ್ಟಿನ ನಿಯಮದಂತೆ ಎದುರಾಳಿಗಳು ಮನವಿ ಮಾಡದ ಹೊರತು ಅಂಪೈರ್ ಯಾರನ್ನೂ ಔಟ್ ಎನ್ನುವಂತಿಲ್ಲ. ದಾವೆಯಿಲ್ಲದೆ ತೀರ್ಪಿಲ್ಲವೆಂಬ ನ್ಯಾಯಾಲಯದ ಕ್ರಮವೇ ಇದು. ಆದರೆ ಎತ್ತಿದ ಬೆರಳಿಗೆ ಕಾರಣ ಬರೆಯುವ ಹೊಣೆಯಿಲ್ಲ. ಕಾರಣವಿಲ್ಲದ ಈ ತೀರ್ಪು ಎಷ್ಟು ದುರ್ಬಲವೆಂಬುದು 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ಬಯಲಾಯಿತು. ಆಗ ಭಾರತದ ನಾಯಕರಾಗಿದ್ದವರು ಕರ್ನಾಟಕದ ಅನಿಲ್ ಕುಂಬ್ಳೆ. ಅದೇ ವರ್ಷ ಶ್ರೀಲಂಕಾದಲ್ಲಿ ತೀರ್ಪು ಮರುಪರಿಶೀಲನೆಯ ವ್ಯವಸ್ಥೆಯನ್ನು ಟೆಸ್ಟ್ ಪಂದ್ಯಗಳಲ್ಲಿ ಮೊದಲ ಬಾರಿಗೆ ಪ್ರಯೋಗಿಸಲಾಯಿತು. ಯಂತ್ರ ಬಂದರೂ ‘ಅಂಪೈರ್ಸ್ ಕಾಲ್’ ಎಂಬ ಉಪಾಯ ಉಳಿದಿದೆ. ಚೆಂಡು ವಿಕೆಟ್ಟಿನ ಅಂಚನ್ನಷ್ಟೇ ತಾಗುವಂತಿದ್ದರೆ ಅಂಪೈರ್ ಮೊದಲು ಹೇಳಿದ್ದೇ ನಿಲ್ಲುತ್ತದೆ. ಅಂದರೆ ಒಂದೇ ಚೆಂಡು, ಒಂದೇ ಚಿತ್ರ. ಮೊದಲ ಮಾತು ಯಾವುದಿತ್ತೋ ಅದರಂತೆ ಔಟ್ ಅಥವಾ ನಾಟ್ ಔಟ್. ಕುಂಬ್ಳೆಯವರೇ ಅಧ್ಯಕ್ಷರಾಗಿದ್ದ ಐ.ಸಿ.ಸಿ. ಕ್ರಿಕೆಟ್ ಸಮಿತಿ 2021ರಲ್ಲಿ ಇದನ್ನು ಉಳಿಸಿಕೊಂಡಿತು. ವೀಕ್ಷಕರು ಇದನ್ನು ಅಸಂಗತವೆಂದು ಹಳಿಯುವುದುಂಟು. ‘ತೀರ್ಪು’ ಎಂಬ ಪದವನ್ನು ಧಾತುವಿನ ಅರ್ಥದಲ್ಲಿ ಕೇಳಿಸಿಕೊಂಡರೆ ಅಸಂಗತಿ ಅಷ್ಟೇನೂ ಉಳಿಯದು: ಆಟ ಮುಂದೆ ಸಾಗಬೇಕಾದರೆ ವಿವಾದ ಎಲ್ಲಾದರೂ ತೀರಲೇಬೇಕು.

ಸಾಹಿತ್ಯ ವಿಮರ್ಶೆಯ ಮಾತು ಇಲ್ಲಿ ತಾನಾಗಿಯೇ ಬರುತ್ತದೆ. ನ್ಯಾಯಾಧೀಶರ ಗಾಂಭೀರ್ಯದಿಂದ ಮೊದಲಾಗಿ ಅಂಪೈರರ ಬೆರಳಿನಲ್ಲಿ ಮುಗಿಯುವ ಕೃತಿವಿಮರ್ಶೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪುಗಳ ಕನ್ನಡ ಅನುವಾದಗಳನ್ನು 2019ರಿಂದ ಪ್ರಕಟಿಸುತ್ತಿದೆ. ಈ ಕೆಲಸದಲ್ಲಿ ಯಂತ್ರಾನುವಾದದ ನೆರವನ್ನೂ ಪಡೆಯಲಾಗುತ್ತಿದೆ. ಯಂತ್ರವು ಕಲಿಯುವುದು ನಾವು ಬರೆದಿಟ್ಟದ್ದರಿಂದಲೇ. ನಾಲ್ಕು ಪದಗಳನ್ನು ಅಲ್ಪವಿರಾಮದಿಂದ ಜೋಡಿಸಿ ಕೊಟ್ಟರೆ ಅದು ಅಲ್ಪವಿರಾಮವನ್ನೇ ಕಲಿಯುತ್ತದೆ. ಇನ್ನು ಮುಂದೆ ಪರಿಭಾಷೆಯನ್ನು ಸಿದ್ಧಪಡಿಸುವವರು ಇಂಗ್ಲಿಷಿನ ಶಿರೋನಾಮಪದದಿಂದ ಹೊರಡದೆ ಆಯಾ ಶಾಸ್ತ್ರದಲ್ಲಿ ಪದ ಮಾಡುವ ಕೆಲಸದಿಂದ ಹೊರಡಬೇಕು. ಪ್ರತಿಯೊಂದಕ್ಕೂ ಒಂದು ಪ್ರಯೋಗವಾಕ್ಯವನ್ನಾದರೂ ಕೊಡಬೇಕು. ಇದಕ್ಕೆ ಕಾನೂನು ಮತ್ತು ಮನೋವಿಜ್ಞಾನ ಬಲ್ಲವರೊಡನೆ ಕನ್ನಡ ವಿಭಾಗಗಳವರು ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ.